ಒಂದು ದಿನದ ಬಾಡಿಗೆ ಕಾರು, 141 ಮೈಲಿ, ಒಂದು ಗೀರು

ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸ ಬೇರೆಯವರ ಕಾರುಗಳ ಗಾಯ ಎಣಿಸುವುದು. ವಾಹನ ವಿಮೆಯ ಸರ್ವೇಯರ್ ಆಗಿದ್ದೆ. ಡಿಕ್ಕಿಯಾದ ಮರುದಿನ ಗ್ಯಾರೇಜಿಗೆ ಹೋಗಿ, ಬಾನೆಟ್ ಎತ್ತಿ, ಇದು ಹೊಸ ಡೆಂಟ್, ಇದು ಹಳೆಯದು, ಇದಕ್ಕೆ ಟಿಂಕರಿಂಗ್ ಸಾಕು, ಇದಕ್ಕೆ ಬಾಗಿಲೇ ಬದಲಾಗಬೇಕು ಎಂದು ಬರೆದು ಸಹಿ ಹಾಕುವ ಕೆಲಸ. ಹಾಗಾಗಿ ಇಂಗ್ಲೆಂಡಿನ ಹಳ್ಳಿದಾರಿ, ಕಡಲತೀರದ ಬಗ್ಗೆ ಬರೆಯಲು ಕುಳಿತರೂ ಬಂಪರು, ರಿಮ್ಮುಗಳ ಮಾತು ನಡುವೆ ನುಗ್ಗುತ್ತದೆ. ಸಹಿಸಿಕೊಳ್ಳಬೇಕು.

ಮಗಳು ಬ್ರೈಟನ್‌ನಲ್ಲಿ ನರ್ಸ್. ಮೇ ತಿಂಗಳ ಕೊನೆಯ ವಾರ ನಾನು ಅವಳ ಮನೆಯಲ್ಲಿದ್ದೆ. ಅವಳಿಗೆ ಸತತ ಮೂರು ದಿನ ಹನ್ನೆರಡು ಗಂಟೆಯ ಪಾಳಿ ಬಿತ್ತು. ಮೊದಲ ದಿನ ಕಡಲ ದಂಡೆಯ ಉರುಟುಕಲ್ಲುಗಳ ಮೇಲೆ ಕುಳಿತೆ. ಎರಡನೆಯ ದಿನವೂ ಅಲ್ಲಿಯೇ ಕುಳಿತೆ. ರಾತ್ರಿ ಊಟದ ಹೊತ್ತಿಗೆ, ನಾಳೆ ಕಾರು ಬಾಡಿಗೆಗೆ ತೆಗೆದುಕೊಂಡು ಪೂರ್ವದ ಕಡೆ ಕರಾವಳಿ ಹಿಡಿದು ಹೋಗಿಬರುತ್ತೇನೆ ಎಂದೆ.

“ಅಪ್ಪಾ, ಹನ್ನೆರಡನೇ ನಂಬರಿನ ಬಸ್ಸಿದೆ. ಮೂರು ಪೌಂಡ್. ಮಹಡಿಯ ಮುಂದಿನ ಸೀಟಿನಲ್ಲಿ ಕುಳಿತರೆ ಸೆವೆನ್ ಸಿಸ್ಟರ್ಸ್ ಎಂಬ ಸುಣ್ಣದ ಕಡಲಬಂಡೆಗಳ ಸಾಲು ಕಾಣುತ್ತದೆ, ಈಸ್ಟ್‌ಬೋರ್ನ್ ತನಕ ಹೋಗುತ್ತದೆ. ಒಬ್ಬನೇ ಯಾಕೆ ಓಡಿಸುತ್ತೀಯ?” ಎಂದಳು.

ಅವಳ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿತ್ತು. ಅದು ಮರುದಿನ ಗೊತ್ತಾಯಿತು.

ಬಾಡಿಗೆ ಕಂಪನಿಯ ಹೆಸರು ಬರೆಯುವುದಿಲ್ಲ. ನಮ್ಮ ನಡುವಿನ ಪತ್ರವ್ಯವಹಾರ ಮುಗಿದಿದೆ; ಮುಗಿದ ಫೈಲನ್ನು ಮತ್ತೆ ತೆರೆಯುವ ಅಭ್ಯಾಸ ನನಗಿಲ್ಲ. ವಾಕ್ಸಾಲ್ ಕೋರ್ಸಾ, ಪೆಟ್ರೋಲ್, ಕೈಯಿಂದ ಗೇರು ಹಾಕುವಂಥದ್ದು, ದಿನಕ್ಕೆ 46 ಪೌಂಡ್. ಗೇರು ತಾನೇ ಬದಲಾಗುವ ಕಾರಿಗೆ ಇನ್ನೂ 21 ಪೌಂಡ್ ಕೊಡಬೇಕಿತ್ತು. ಭೇಟಿಗೆ ಬಂದವರು ನಮ್ಮ ದೇಶದ ಲೈಸೆನ್ಸಿನಲ್ಲೇ ಅಲ್ಲಿ 12 ತಿಂಗಳ ತನಕ ಕಾರು ಓಡಿಸಬಹುದು, ಕಾನೂನಿನ ತೊಡಕಿಲ್ಲ. ಕೌಂಟರಿನಲ್ಲಿ ಕೇಳಿದ್ದು ಲೈಸೆನ್ಸ್, ಪಾಸ್‌ಪೋರ್ಟ್ ಮತ್ತು ಓಡಿಸುವವನ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್. ಮಗಳ ಕಾರ್ಡ್ ನಡೆಯುವುದಿಲ್ಲ. ಕಾರ್ಡಿನಲ್ಲಿ 250 ಪೌಂಡ್ ತಡೆಹಿಡಿದರು.

ಅಲ್ಲಿಂದ ಮುಂದೆ ಶುರುವಾಯಿತು ನನಗೆ ಪರಿಚಿತವಾದ ಆಟ. ಕಾರಿಗೆ ಏನಾದರೂ ಆದರೆ ಮೊದಲ 1,200 ಪೌಂಡ್ ನನ್ನ ಹೊಣೆ. ಅದನ್ನು ಸೊನ್ನೆಗೆ ಇಳಿಸಬೇಕಾದರೆ ದಿನಕ್ಕೆ 18 ಪೌಂಡ್ ಹೆಚ್ಚುವರಿ. ಕೌಂಟರಿನ ಹುಡುಗ ದನಿ ತಗ್ಗಿಸಿ, “ಇಲ್ಲಿನ ಬೇಲಿಗಳು ಕಾರಿನ ತೀರಾ ಹತ್ತಿರ ಬರುತ್ತವೆ ಸರ್” ಎಂದ. ಬೇಲಿ ಬರುವುದಿಲ್ಲ, ನಾವೇ ಹೋಗುವುದು ಎಂದು ಹೇಳಬೇಕೆನಿಸಿತು. ಆ 1,200ಕ್ಕೆ ಪ್ರತ್ಯೇಕವಾದ ಒಂದು ದಿನದ ಪಾಲಿಸಿಯನ್ನು ಹಿಂದಿನ ರಾತ್ರಿಯೇ ಬೇರೆ ಕಡೆಯಿಂದ 4 ಪೌಂಡಿಗೆ ಕೊಂಡಿದ್ದೆ. ಬಾಡಿಗೆ ಕಾರು ತೆಗೆದುಕೊಳ್ಳುವವರೆಲ್ಲ ಇದನ್ನು ಮಾಡಬೇಕು. ಒಂದೇ ತೊಡಕೆಂದರೆ, ಅನಾಹುತವಾದಾಗ ಕಂಪನಿಗೆ ಮೊದಲು ನೀವೇ ಹಣ ಕೊಟ್ಟು, ಆಮೇಲೆ ಆ ಪಾಲಿಸಿಯವರಿಂದ ವಸೂಲಿ ಮಾಡಿಕೊಳ್ಳಬೇಕು.

ಕಾರನ್ನು ಆಗತಾನೇ ತೊಳೆದು ತಂದಿದ್ದರು. ಒದ್ದೆ ಕಾರನ್ನು ಎಂದೂ ಹಾಗೆಯೇ ಒಪ್ಪಿಕೊಳ್ಳಬೇಡಿ. ನೀರು ಗೀರುಗಳನ್ನು ತುಂಬಿ, ಮುಚ್ಚಿ, ಹತ್ತು ವರ್ಷದ ಕಾರನ್ನೂ ಮದುಮಗಳಾಗಿಸುತ್ತದೆ. ಕರವಸ್ತ್ರದಿಂದ ಒರೆಸುತ್ತ ಒಂದು ಸುತ್ತು ಬಂದೆ. ಅವರ ಹಾಳೆಯ ಮೇಲೆ ಕಾರಿನ ರೇಖಾಚಿತ್ರವಿತ್ತು, ಅದರಲ್ಲಿ ಎರಡು ಕಾಟು ಗುರುತು. ನನಗೆ ಇನ್ನೂ ಮೂರು ಸಿಕ್ಕವು. ಮುಂದಿನ ಗಾಜಿನ ಎಡಗಡೆ ಕೆಳಗೆ ಮೆಣಸಿನಕಾಳಿನಷ್ಟು ಗಾತ್ರದ ಕಲ್ಲೇಟು. ಹಿಂದಿನ ಬಂಪರಿನ ಕೆಳ ಅಂಚಿನಲ್ಲಿ ಪೊರೆಯಂತೆ ಎದ್ದಿದ್ದ ಮೇಲ್ಬಣ್ಣ. ಎಡ ಮುಂಚಕ್ರದ ರಿಮ್ಮಿನಲ್ಲಿ ಬೆರಳುದ್ದದ ತರಚು. ಉಗುರು ಎಳೆದು ನೋಡಿದೆ, ಸಿಕ್ಕಿಕೊಂಡಿತು, ಅಂದರೆ ಆಳವಿದೆ. ಆದರೆ ಒಳಗೆ ಕಪ್ಪಗೆ ಬ್ರೇಕಿನ ಧೂಳು ಕೂತಿತ್ತು, ಅಂಚು ಮಂಕಾಗಿತ್ತು. ಹೊಸ ಗೀರಿನ ಅಂಚು ಹೊಳೆಯುತ್ತದೆ; ಇದಕ್ಕೆ ತಿಂಗಳುಗಳೇ ಆಗಿರಬೇಕು.

ಹುಡುಗ ಮೊದಲಿನ ಎರಡನ್ನು ಬರೆದುಕೊಂಡ. ರಿಮ್ಮಿನದು ಮಾತ್ರ “ಅದು ಸವೆತ ಸರ್, ಬರೆಯುವುದು ಬೇಡ” ಎಂದ. ನಾನು ವಾದಿಸಲಿಲ್ಲ. ಎಡಗೈಯ ಗಡಿಯಾರವನ್ನು ತರಚಿನ ಪಕ್ಕದಲ್ಲಿಟ್ಟು ಎರಡು ಫೋಟೊ ತೆಗೆದೆ. ಒಟ್ಟು ನಲವತ್ತೆರಡು ಫೋಟೊ. ಆ ಹೊತ್ತಿಗೆ ಹುಡುಗನ ಮುಖ ನಮ್ಮ ಗ್ಯಾರೇಜಿನ ಮೇಸ್ತ್ರಿಗಳ ಮುಖದಂತೆಯೇ ಆಗಿತ್ತು.

ಹೊರಡುವಾಗ ಎಂಟೂಕಾಲು. ಎಡಗಡೆಯ ಸಂಚಾರ, ಬಲಗಡೆಯ ಸ್ಟಿಯರಿಂಗ್, ಎಲ್ಲವೂ ನಮ್ಮ ಹಾಗೆಯೇ. ಇನ್ನೇನು ಕಷ್ಟ ಎಂದುಕೊಂಡು ಮೊದಲ ತಿರುವಿನಲ್ಲಿ ಇಂಡಿಕೇಟರ್ ಹಾಕಿದೆ. ವೈಪರ್ ಓಡಿತು. ಅಲ್ಲಿನ ಕಾರುಗಳಲ್ಲಿ ಇಂಡಿಕೇಟರ್ ಎಡಗೈಯ ಕಡ್ಡಿ, ವೈಪರ್ ಬಲಗೈಯದು. ಬಿಸಿಲು ಚೆಲ್ಲಿದ ಆ ಬೆಳಿಗ್ಗೆ ಬ್ರೈಟನ್ ದಾಟುವಷ್ಟರಲ್ಲಿ ನಾನು ಐದು ಬಾರಿ ಒಣಗಾಜನ್ನು ಒರೆಸಿದೆ. ಹಿಂದಿದ್ದ ಟ್ಯಾಕ್ಸಿಯವನು ಏನಂದುಕೊಂಡನೋ, ಹಾರ್ನ್ ಮಾತ್ರ ಮಾಡಲಿಲ್ಲ. ಇಡೀ ದಿನ ಯಾರೂ ಹಾರ್ನ್ ಮಾಡಲಿಲ್ಲ.

ಎ27 ಹೆದ್ದಾರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮೈಲಿಯ ಲೆಕ್ಕ, ಕಿಲೋಮೀಟರಿನದಲ್ಲ. ವೃತ್ತಗಳಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ, ಇದೊಂದನ್ನು ಜಪದಂತೆ ಹೇಳಿಕೊಂಡರೆ ಸಾಕು. ಮೊಬೈಲನ್ನು ಗಾಜಿಗೆ ಅಂಟುವ ಹಿಡಿಕೆಗೆ ಸಿಕ್ಕಿಸಿ; ಓಡಿಸುವಾಗ ಕೈಯಲ್ಲಿ ಹಿಡಿದರೆ 200 ಪೌಂಡ್ ದಂಡ, ಲೈಸೆನ್ಸಿಗೆ ಆರು ಪಾಯಿಂಟ್. ಬಿಳಿ ವೃತ್ತದ ಮೇಲೆ ಓರೆಯಾಗಿ ಕಪ್ಪು ಪಟ್ಟಿ ಎಳೆದ ಫಲಕ ಕಂಡರೆ ಮಿತಿ ತೆಗೆದುಹಾಕಿದ್ದಾರೆ ಎಂದು ತಿಳಿಯಬಾರದು: ಒಂಟಿ ರಸ್ತೆಯಲ್ಲಿ 60, ನಡುವೆ ವಿಭಜಕವಿದ್ದರೆ 70. ತಮಾಷೆಯೆಂದರೆ, ಎರಡು ಎಮ್ಮೆ ಅಕ್ಕಪಕ್ಕ ಹೋಗಲಾರದ ಹಳ್ಳಿದಾರಿಯ ಬಾಯಲ್ಲೂ ಅದೇ ಫಲಕ. ಕಾನೂನು ಅರವತ್ತಕ್ಕೆ ಒಪ್ಪುತ್ತದೆ, ದಾರಿ ಇಪ್ಪತ್ತಕ್ಕೆ.

ಮೊದಲ ನಿಲುಗಡೆ ವಿಲ್ಮಿಂಗ್ಟನ್. ಹಳ್ಳಿಯ ಎದುರಿನ ಹಸಿರು ಬೆಟ್ಟದ ಇಳಿಜಾರಿನಲ್ಲಿ ಎರಡೂ ಕೈಯಲ್ಲಿ ಒಂದೊಂದು ಕೋಲು ಹಿಡಿದು ನಿಂತ ಮನುಷ್ಯನ ಬಿಳಿ ಗೆರೆಚಿತ್ರ, 72 ಮೀಟರ್ ಎತ್ತರ. ಆದಿಕಾಲದ್ದೆಂದು ಬಹಳ ದಿನ ನಂಬಿದ್ದರಂತೆ. 2003ರಲ್ಲಿ ಅಗೆದು ನೋಡಿದಾಗ 16 ಅಥವಾ 17ನೇ ಶತಮಾನದ್ದಿರಬೇಕೆಂಬ ಸುಳಿವು ಸಿಕ್ಕಿತು. ಈಗ ಕಾಣುವ ಗೆರೆ 1969ರಲ್ಲಿ ಹೂಡಿದ ಕಾಂಕ್ರೀಟ್ ಇಟ್ಟಿಗೆಗಳದು. ಹಳೆಯ ಗಾಡಿಗೆ ಹೊಸ ಪ್ಯಾನೆಲ್. ಕಾರಿನ ಪಕ್ಕದಲ್ಲಿ ನಿಂತು ಥರ್ಮಾಸಿನ ಕಾಫಿ ಕುಡಿದೆ. ಒಬ್ಬನೇ ಹೋಗುವುದರ ಸುಖ ಇದು: ಹತ್ತು ನಿಮಿಷ ನೋಡಿ ಸಾಕಾಯಿತು, ಹೊರಟೆ. ಯಾರನ್ನೂ ಕೇಳಬೇಕಿಲ್ಲ.

ಆಲ್ಫ್ರಿಸ್ಟನ್‌ನಲ್ಲಿ ಹುಲ್ಲುಚಾವಣಿಯ ಹಳೆಯ ಪಾದ್ರಿಮನೆ ಇನ್ನೂ ತೆರೆದಿರಲಿಲ್ಲ. ಬೇಲಿಯಾಚೆಯಿಂದ ನೋಡಿದೆ. ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಮೊಟ್ಟಮೊದಲು ಕೊಂಡ ಕಟ್ಟಡ ಅದು, 1896ರಲ್ಲಿ, 10 ಪೌಂಡಿಗೆ. ನನ್ನ ಒಂದು ದಿನದ ಬಾಡಿಗೆಯಲ್ಲಿ ಅಂಥ ನಾಲ್ಕು ಮನೆ ಕೊಂಡು ಚಿಲ್ಲರೆ ಉಳಿಸಬಹುದಿತ್ತು.

ಅಲ್ಲಿಂದ ಸೇತುವೆ ದಾಟಿ, ಕುಕ್‌ಮಿಯರ್ ನದಿಯ ಪೂರ್ವ ದಂಡೆಯ ಲಿಟ್ಲಿಂಗ್ಟನ್ ದಾರಿ ಹಿಡಿದೆ. ಈ ದಾರಿಯ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಪ್ರಕರಣ ಇಲ್ಲಿಯೇ ನಡೆದದ್ದು.

ಎರಡೂ ಬದಿ ಆಳೆತ್ತರದ ಬೇಲಿ. ಬೇಲಿಯೆಂದರೆ ತಂತಿಯದಲ್ಲ, ಗಿಡಗಳದು. ಮೇ ತಿಂಗಳಲ್ಲಿ ಮುಳ್ಳುಗಿಡಗಳ ತುಂಬ ಬಿಳಿ ಹೂ, ಬುಡದಲ್ಲಿ ಕೊತ್ತಂಬರಿ ಹೂವಿನಂಥ ಬಿಳಿ ಗೊಂಚಲುಗಳು ಸೊಂಟದೆತ್ತರಕ್ಕೆ ನಿಂತು ಎರಡೂ ಕನ್ನಡಿಗಳನ್ನು ಸವರುತ್ತವೆ. ಚೆಂದವೋ ಚೆಂದ. ಆದರೆ ಕಾರಿನಲ್ಲಿ ಕುಳಿತವನಿಗೆ ಬೇಲಿ ಬಿಟ್ಟು ಬೇರೇನೂ ಕಾಣುವುದಿಲ್ಲ. ನದಿ ಎಡಕ್ಕಿದೆಯೋ ಬಲಕ್ಕಿದೆಯೋ ಮೊಬೈಲನ್ನು ನೋಡಿ ತಿಳಿಯಬೇಕು. ಎದುರು ಬೆಟ್ಟದ ಮೇಲೆ 1924ರಲ್ಲಿ ಕೆತ್ತಿದ ಬಿಳಿ ಕುದುರೆಯೊಂದಿದೆ. ಅದು ಗದ್ದೆಯ ಗೇಟು ಬಂದ ಕಡೆ ಒಂದು ಕ್ಷಣ ಕಂಡು ಮರೆಯಾಗುತ್ತದೆ. ಬಸ್ಸಿನ ಮಹಡಿ ಎಂದು ಮಗಳು ಹೇಳಿದ್ದು ಆಗ ನೆನಪಾಯಿತು.

ತಿರುವಿನಾಚೆ ಕುರಿಗಳ ಟ್ರೇಲರ್ ಎಳೆದುಕೊಂಡು ಒಂದು ಲ್ಯಾಂಡ್ ರೋವರ್ ಬಂತು. ನನ್ನನ್ನು ಕಂಡು ಗೇಟಿನ ಬಳಿ ಸ್ವಲ್ಪ ಅಗಲವಿದ್ದಲ್ಲಿ ನಿಂತು ಹೆಡ್‌ಲೈಟ್ ಮಿನುಗಿಸಿತು. ನಮ್ಮಲ್ಲಿ ಹೆಡ್‌ಲೈಟ್ ಮಿನುಗಿಸಿದರೆ ಅರ್ಥ ಒಂದೇ: ನಾನು ಬರುತ್ತಿದ್ದೇನೆ, ನೀನು ನಿಲ್ಲು. ನಿಂತೆ. ಆತನೂ ನಿಂತೇ ಇದ್ದ. ಮತ್ತೊಮ್ಮೆ ಮಿನುಗಿಸಿದ. ನಾನು ಇನ್ನಷ್ಟು ವಿನಯದಿಂದ ನಿಂತೆ. ಕುರಿಗಳು ಸಹ ನೋಡುತ್ತಿದ್ದವು. ಕೊನೆಗೆ ಈ ಮೂರ್ಖ ಬರುವವನಲ್ಲ ಎಂದು ತೀರ್ಮಾನಿಸಿ ಆತ ಹೊರಟ. ಅದೇ ಗಳಿಗೆಯಲ್ಲಿ, ಓಹೋ ಬಾ ಎನ್ನುತ್ತಿದ್ದಾನೆ ಎಂದು ನನಗೆ ಹೊಳೆದು ನಾನೂ ಹೊರಟೆ. ಇಬ್ಬರೂ ಬ್ರೇಕ್ ಒತ್ತಿದೆವು. ನಾನು ಎಡಕ್ಕೆ, ಆ ಬಿಳಿ ಹೂವಿನ ಮೆತ್ತೆಯೊಳಕ್ಕೆ ಸರಿದೆ. ಹೂವಿನ ಹಿಂದೆ ಚಕಮಕಿ ಕಲ್ಲಿನ ಗೋಡೆಯಿತ್ತು.

ಅಲ್ಲಿನ ರಸ್ತೆ ನಿಯಮದ ಪುಸ್ತಕ ಹೇಳುವುದು, ನಾನಿದ್ದೇನೆ ಎಂದು ತಿಳಿಸಲು ಮಾತ್ರ ಹೆಡ್‌ಲೈಟ್ ಮಿನುಗಿಸಿ ಎಂದು. ಜನ ಬಳಸುವುದು ‘ನೀವು ಬನ್ನಿ’ ಎನ್ನಲು. ಎರಡಕ್ಕೂ ನಮ್ಮ ಅಭ್ಯಾಸಕ್ಕೂ ಸಂಬಂಧವಿಲ್ಲ. ನಮ್ಮಿಂದ ಹೋಗಿ ಅಲ್ಲಿ ಕಾರು ಓಡಿಸುವವರಿಗೆ ನಾನು ಕೊಡಬಹುದಾದ ಅತ್ಯಂತ ಬೆಲೆಬಾಳುವ ಮಾಹಿತಿ ಇದೇ. ಪಾರಾಗುವಾಗ ಲ್ಯಾಂಡ್ ರೋವರಿನವನು ಸ್ಟಿಯರಿಂಗಿನ ಮೇಲಿಂದ ನಾಲ್ಕು ಬೆರಳು ಎತ್ತಿ ಕೃತಜ್ಞತೆ ಸೂಚಿಸಿದ. ಯಾವುದಕ್ಕೆಂದು ದೇವರೇ ಬಲ್ಲ.

ಮುಂದಿನ ಗೇಟಿನಲ್ಲಿ ನಿಲ್ಲಿಸಿ ಇಳಿದೆ. ಎಡಗನ್ನಡಿಯ ಹೊರ ಮುಚ್ಚಳದ ಮೇಲೆ ನಾಲ್ಕು ಸೆಂಟಿಮೀಟರ್ ಉದ್ದದ ಗೀರು. ಉಗುರು ಸಿಕ್ಕಿಕೊಂಡಿತು. ಅಂಚು ಹೊಳೆಯುತ್ತಿತ್ತು. ಕ್ಲೇಮ್ ಅರ್ಜಿಗಳಲ್ಲಿ ನಾನು ಓದಿದ ಸಾವಿರಾರು ವಾಕ್ಯಗಳು ನೆನಪಾದವು: ಎದುರಿನ ವಾಹನಕ್ಕೆ ದಾರಿ ಬಿಡಲು ಹೋಗಿ, ಅಡ್ಡ ಬಂದ ನಾಯಿಯನ್ನು ಉಳಿಸಲು ಹೋಗಿ. ಒಂದನ್ನೂ ನಾನು ಪೂರ್ತಿ ನಂಬಿದವನಲ್ಲ. ಅಂಥವನ್ನು ಓದಿ, ಮೀಸೆಯಡಿಯಲ್ಲಿ ನಕ್ಕು, ‘ಚಾಲಕನ ಅಜಾಗರೂಕತೆ’ ಎಂದು ಬರೆಯುತ್ತಿದ್ದೆ. ಈಗ ನನ್ನ ಬಾಯಲ್ಲೂ ಅದೇ ವಾಕ್ಯ ತಯಾರಾಗಿ ನಿಂತಿತ್ತು. ಅದೂ ಈ ಸಲ ನಿಜವಾಗಿತ್ತು.

ಎಕ್ಸೀಟ್‌ನಲ್ಲಿ ಪಾರ್ಕಿಂಗ್ ತುಂಬಿತ್ತು. ನದಿಯ ಹಾವಿನಂಥ ಸುತ್ತುಗಳನ್ನು ರಸ್ತೆಯಿಂದಲೇ ಕಂಡು ಮುಂದೆ ಹೋದೆ. ಆಗಲೇ ಹನ್ನೆರಡನೇ ನಂಬರಿನ ಬಸ್ಸು ನನ್ನನ್ನು ದಾಟಿತು. ಮಹಡಿಯ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಸಿಂಹಾಸನದ ಮೇಲೆ ಕುಳಿತಂತೆ ಕುಳಿತಿದ್ದಳು.

ಬರ್ಲಿಂಗ್ ಗ್ಯಾಪ್‌ನಲ್ಲಿ ಮಾತ್ರ ಇಳಿಯಲೇಬೇಕು. ಕಬ್ಬಿಣದ ಮೆಟ್ಟಿಲು ಇಳಿದು ಸಮುದ್ರದ ಅಂಚಿಗೆ ಬಂದು ಹಿಂತಿರುಗಿದರೆ ಸುಣ್ಣದ ಗೋಡೆ ತಲೆಯ ಮೇಲೆ ನಿಲ್ಲುತ್ತದೆ. ಮುಟ್ಟಿದರೆ ಬೆರಳಿಗೆ ಶಾಲೆಯ ಬಳಪದಂತೆ ಹತ್ತುತ್ತದೆ. ಇದು ಪ್ರತಿ ಚಳಿಗಾಲ ಕುಸಿಯುತ್ತಲೇ ಇರುತ್ತದೆ. ಮೇಲಿದ್ದ ಮನೆಗಳ ಸಾಲಿನಲ್ಲಿ ಅಂಚಿನವನ್ನು ಒಂದೊಂದಾಗಿ ಕೆಡವಬೇಕಾಯಿತು. ಗೋಡೆಯ ಬುಡದಲ್ಲಿ ಕೂರಬೇಡಿ, ಮೇಲೆ ಅಂಚಿಗೆ ಹೋಗಬೇಡಿ ಎಂಬ ಫಲಕಗಳಿವೆ. ಅವುಗಳ ಕೆಳಗೇ ಜನ ಬುತ್ತಿ ಬಿಚ್ಚಿದ್ದರು.

ಅಲ್ಲಿಂದ ಬೀಚಿ ಹೆಡ್ ಕಡೆ ಏರುವ ರಸ್ತೆ ಇಡೀ ದಿನದ ಅತ್ಯುತ್ತಮ ಮೂರು ಮೈಲಿ. ಬೇಲಿ ಇಲ್ಲ, ಮರ ಇಲ್ಲ, ಹುಲ್ಲು, ಆಕಾಶ, ಬಲಗಡೆ ಒಮ್ಮೆಲೇ ಮುಗಿದುಹೋಗುವ ನೆಲ. ಕೋರ್ಸಾ ಮೂರನೇ ಗೇರಿನಲ್ಲಿ ಗೊಣಗದೆ ಹತ್ತಿತು. ದಾರಿಯಲ್ಲಿ ಬೆಲ್ ಟೂಟ್ ಎಂಬ ಹಳೆಯ ದೀಪಸ್ತಂಭವಿದೆ. ಅಂಚು ತೀರಾ ಹತ್ತಿರ ಬಂದಾಗ, 1999ರಲ್ಲಿ, 850 ಟನ್ ತೂಕದ ಆ ಇಡೀ ಕಟ್ಟಡವನ್ನು ಜಾಕ್ ಕೊಟ್ಟು ಎತ್ತಿ, ಕಾಂಕ್ರೀಟ್ ತೊಲೆಗಳಿಗೆ ಗ್ರೀಸ್ ಹಚ್ಚಿ, 17 ಮೀಟರ್ ಹಿಂದಕ್ಕೆ ಜಾರಿಸಿದರಂತೆ. ಪಂಕ್ಚರಾದ ಲಾರಿಗೆ ಜಾಕ್ ಕೊಡುವುದನ್ನು ನೋಡುತ್ತ ಆಯುಷ್ಯ ಕಳೆದವನಿಗೆ ಅದನ್ನು ಬಿಟ್ಟು ಹೊರಡುವುದು ಕಷ್ಟವಾಯಿತು.

ಬೀಚಿ ಹೆಡ್‌ನ ಕಡಿದು ಬಿದ್ದ ಅಂಚು 162 ಮೀಟರ್ ಎತ್ತರ. ಸುಣ್ಣದ ಕಡಲಬಂಡೆಗಳಲ್ಲಿ ಬ್ರಿಟನ್ನಿಗೇ ಎತ್ತರದ್ದು. ಕೆಳಗೆ ನೀರಿನಲ್ಲಿ 1902ರ ಕೆಂಪು-ಬಿಳಿ ಪಟ್ಟೆಯ ದೀಪಸ್ತಂಭ ಮಕ್ಕಳ ಆಟಿಕೆಯಂತೆ ಕಾಣುತ್ತದೆ. ಅಂಚಿನಿಂದ ದೂರದಲ್ಲೇ ನಿಂತಿದ್ದೆ, ಆದರೆ ಬಹಳ ಹೊತ್ತು ನಿಂತಿದ್ದೆ. ಗಾಳಿಗೆ ಕೋಟಿನ ಗುಂಡಿ ಹಾಕಿಕೊಂಡು, ಕೈಕಟ್ಟಿ, ಗೀರಿನ ಬಗ್ಗೆ ಯೋಚಿಸುತ್ತಿದ್ದೆ. ಹೇಳಬೇಕೋ, ಅವರೇ ನೋಡಲಿ ಎಂದು ಬಿಡಬೇಕೋ.

ನನ್ನ ವಯಸ್ಸಿನವಳೇ ಒಬ್ಬಾಕೆ ಹತ್ತಿರ ಬಂದು “ಯು ಆಲ್‌ರೈಟ್?” ಎಂದಳು. ಇದಕ್ಕೆ ಮಗಳು ನನಗೆ ಮೊದಲೇ ತರಬೇತಿ ಕೊಟ್ಟಿದ್ದಳು: “ಅಪ್ಪಾ, ಇಲ್ಲಿ ಅದು ನಮಸ್ಕಾರ ಎಂದ ಹಾಗೆ. ನಿನ್ನ ಮಂಡಿನೋವಿನ ಕತೆ ಶುರು ಮಾಡಬೇಡ. ಅದನ್ನೇ ತಿರುಗಿ ಹೇಳಿ ಮುಂದೆ ಹೋಗು.” ಅದನ್ನೇ ತಿರುಗಿ ಹೇಳಿದೆ. ಆಕೆ ಹೋಗಲಿಲ್ಲ. ಒಬ್ಬರೇ ಬಂದಿದ್ದೀರಾ ಎಂದಳು. ಹೌದೆಂದೆ. ಎಲ್ಲಿಂದ, ಮನೆಯಲ್ಲಿ ಯಾರಾದರೂ ಕಾಯುತ್ತಿದ್ದಾರಾ ಎಂದು ಕೇಳಿದಳು. ಪಾರ್ಕಿಂಗ್‌ನವಳಿರಬೇಕು ಎಂದು ಜೇಬಿನಿಂದ ಚೀಟಿ ತೆಗೆದು ತೋರಿಸಿದೆ, ಇನ್ನೂ ಒಂದು ಗಂಟೆಯಿದೆ ಎಂದೆ. ಆಕೆ ನಕ್ಕಳು, ಆದರೆ ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ಆಗ ಆಕೆಯ ಜಾಕೆಟ್ಟಿನ ಮೇಲಿನ ಅಕ್ಷರ ಓದಿದೆ. ಒಂಟಿಯಾಗಿ ಬಂದು ನಿಂತವರನ್ನು ಮಾತನಾಡಿಸಲೆಂದೇ ಅಲ್ಲಿ ಹಗಲುರಾತ್ರಿ ಸುತ್ತುವ ಸ್ವಯಂಸೇವಕರಲ್ಲಿ ಒಬ್ಬಳು ಆಕೆ. ಆ ದಿನ ಆ ಎರಡು ಪದ ನಿಜವಾಗಿಯೂ ಪ್ರಶ್ನೆಯಾಗಿತ್ತು.

ಮಗಳು ರಾತ್ರಿ ಎಂಟೂವರೆಗೆ ಪಾಳಿ ಮುಗಿಸಿ ಬರುತ್ತಾಳೆ, ನಾನು ಅನ್ನಕ್ಕಿಡಬೇಕು, ಅದಕ್ಕೂ ಮೊದಲು ಪೆಟ್ರೋಲ್ ತುಂಬಿಸಿ ಕಾರು ಒಪ್ಪಿಸಬೇಕು, ಕನ್ನಡಿಗೆ ಗೀರು ಮಾಡಿಕೊಂಡಿದ್ದೇನೆ, ಅದರ ಯೋಚನೆ ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಗೀರು ತೋರಿಸಿ ಎಂದಳು. ಕಾರಿನ ತನಕ ಬಂದು, ಬಗ್ಗಿ ನೋಡಿ, ಇದೇನು ಮಹಾ ಎಂದಳು. ಆಕೆ ಅಷ್ಟು ಹೊತ್ತು ನನ್ನನ್ನು ನೋಡಿದ ರೀತಿ ನಾನು ಬೆಳಿಗ್ಗೆ ಕಾರನ್ನು ನೋಡಿದ್ದ ರೀತಿಯೇ ಆಗಿತ್ತು. ಆಕೆ ಹೋದ ಮೇಲೆ ಸ್ವಲ್ಪ ಹೊತ್ತು ಕೀಲಿ ತಿರುಗಿಸದೆ ಕುಳಿತಿದ್ದೆ.

ಈಸ್ಟ್‌ಬೋರ್ನ್‌ನಿಂದ ಹೇಸ್ಟಿಂಗ್ಸ್ ತನಕ ಎ259. ಪೆವೆನ್ಸಿಯಲ್ಲಿ 1066ರಲ್ಲಿ ನಾರ್ಮಂಡಿಯ ವಿಲಿಯಮ್ ಬಂದಿಳಿದ. ಅವನಿಗೆ ಟ್ರಾಫಿಕ್ ದೀಪಗಳು ಇರಲಿಲ್ಲ. ಬೆಕ್ಸ್‌ಹಿಲ್ ಆಸುಪಾಸಿನಲ್ಲಿ ನನಗೆ ಮುಕ್ಕಾಲು ಗಂಟೆ ಹೋಯಿತು. ಈ ತುಂಡಿಗೆ ಅಂಕ ಕೊಡುವುದಿಲ್ಲ.

ಹೇಸ್ಟಿಂಗ್ಸ್‌ನಲ್ಲಿ ದಂಡೆಯ ಮೇಲೆ ಕಪ್ಪು ಬಣ್ಣ ಬಳಿದ ಮರದ ಗೂಡುಗಳು, ಬೀರುವಿನ ಹಾಗೆ ಸಪೂರ, ಎತ್ತರ. ಮೀನುಗಾರರು ಬಲೆ ಇಡಲು ಕಟ್ಟಿದ್ದು. ಅಲ್ಲಿ ಈಗಲೂ ದೋಣಿಗಳನ್ನು ಬಂದರಿಲ್ಲದೆ ದಂಡೆಯಿಂದಲೇ ನೀರಿಗೆ ತಳ್ಳುತ್ತಾರೆ. ನಾನು ಮೀನು ತಿನ್ನುವುದಿಲ್ಲ. ಬರೀ ಆಲೂಗಡ್ಡೆ ಚಿಪ್ಸ್, ಮೇಲೆ ಉಪ್ಪು, ವಿನೆಗರ್, ನಾಲ್ಕೂವರೆ ಪೌಂಡ್. ನಮ್ಮ ಗರಿಗರಿ ಚಿಪ್ಸಲ್ಲ. ದಪ್ಪ, ಮೆತ್ತಗೆ, ಒಳಗೆ ಹೊಗೆಯಾಡುವ ಬಿಸಿ. ಚೆನ್ನಾಗಿತ್ತು. ಅರ್ಧದಷ್ಟನ್ನು ಒಂದು ಕಡಲಹಕ್ಕಿ ನನಗಿಂತ ಚೆನ್ನಾಗಿ ತಿಂದಿತು.

ವಿಂಚೆಲ್ಸೀ ಇಳಿಜಾರಿನಲ್ಲಿ ಹೆದ್ದಾರಿಯೇ ಹೇರ್‌ಪಿನ್ನಿನಂತೆ ಮಡಚಿಕೊಳ್ಳುತ್ತದೆ, ಎರಡನೇ ಗೇರು ಬೇಕು. ಕೈಗೇರಿನ ಕಾರು ತೆಗೆದುಕೊಂಡದ್ದಕ್ಕೆ ಅಲ್ಲಿ ಖುಷಿಯಾಯಿತು. ರೈ ಪಟ್ಟಣದಲ್ಲಿ ಕಾರನ್ನು ಕೆಳಗೇ ನಿಲ್ಲಿಸಿ ನಡೆದು ಹತ್ತಬೇಕು. ಮರ್ಮೇಡ್ ಬೀದಿಯ ಉರುಟುಕಲ್ಲಿನ ಮೇಲೆ ನನ್ನ ಮಂಡಿ ಕೊಟ್ಟ ವರದಿ ಬೇರೆಯೇ ಇದೆ. ಅಲ್ಲಿನ ಹಳೆಯ ಛತ್ರದ ಬಾಗಿಲ ಬಳಿ ‘1420ರಲ್ಲಿ ಮತ್ತೆ ಕಟ್ಟಿದ್ದು’ ಎಂದು ಬೋರ್ಡು ತೂಗುತ್ತದೆ. ಮತ್ತೆ ಕಟ್ಟಿದ್ದೇ 1420! ಕಡಲಿನ ಬಂದರಾಗಿದ್ದ ಊರಿದು. ಈಗ ಕಡಲು ಎರಡು ಮೈಲಿ ಆಚೆ ಸರಿದಿದೆ. ಬರ್ಲಿಂಗ್ ಗ್ಯಾಪ್‌ನಲ್ಲಿ ಮನೆ ಕಳೆದುಕೊಂಡವರು ಇಲ್ಲಿಗೆ ಬಂದು ನೋಡಬೇಕು.

ಕ್ಯಾಂಬರ್‌ನ ಮರಳುದಿಬ್ಬ ದಾಟಿ ಲಿಡ್ ಕಡೆ ಹೋಗುವಾಗ ರಸ್ತೆಯ ಪಕ್ಕ ಸೈನ್ಯದ ಗುಂಡಿನಭ್ಯಾಸದ ಬಯಲು. ಕೆಂಪು ಬಾವುಟ ಹಾರುತ್ತಿತ್ತು. ಅಂದರೆ ಒಳಗೆ ಗುಂಡು ಹಾರುತ್ತಿದೆ. ಕಿಟಕಿ ಏರಿಸಿಕೊಂಡೆ. ಅದರಿಂದ ಏನು ಪ್ರಯೋಜನವೋ.

ಆಮೇಲೆ ಡಂಜನೆಸ್. ಬಸ್ಸಿಗಿಂತ ಕಾರು ಮೇಲೆಂದು ನಾನು ಮಗಳೆದುರು ವಾದಿಸಬಹುದಾದ ಏಕೈಕ ಜಾಗ ಇದು; ಬ್ರೈಟನ್‌ನಿಂದ ಬಸ್ಸುಗಳಲ್ಲಿ ಇಲ್ಲಿಗೆ ಬಂದು ಕತ್ತಲೆಯೊಳಗೆ ಮನೆ ಸೇರುವುದು ಕಷ್ಟ. ಕಣ್ಣು ಹರಿಯುವ ತನಕ ಉರುಟುಕಲ್ಲಿನ ಬಯಲು. ನಡುವೆ ಚೆಲ್ಲಿದಂತೆ ಟಾರು ಬಳಿದ ಮರದ ಮನೆಗಳು, ಒಂದಕ್ಕೂ ಕಾಂಪೌಂಡ್ ಇಲ್ಲ. ತಲೆಕೆಳಗಾದ ದೋಣಿ, ಮುರಿದ ರಾಟೆ, ಕಲ್ಲಿನಲ್ಲಿ ಹೂತ ಹಳಿಗಳು. ಎಲ್ಲವೂ ತುಕ್ಕು. ನನ್ನ ವೃತ್ತಿಯವನಿಗೆ ಇದು ತೀರ್ಥಕ್ಷೇತ್ರ: ಇಷ್ಟೊಂದು ಹಾನಿ, ಒಬ್ಬನೂ ಕ್ಲೇಮ್ ಹಾಕಿಲ್ಲ. ಹಿನ್ನೆಲೆಯಲ್ಲಿ ಅಣುವಿದ್ಯುತ್ ಸ್ಥಾವರದ ಬೃಹತ್ ಪೆಟ್ಟಿಗೆಗಳು; 2018ರ ನಂತರ ವಿದ್ಯುತ್ ತಯಾರಾಗಿಲ್ಲ. ಅದು ಎದ್ದು 1904ರ ದೀಪಸ್ತಂಭದ ಬೆಳಕಿಗೆ ಅಡ್ಡವಾದ್ದರಿಂದ 1961ರಲ್ಲಿ ಇನ್ನೊಂದನ್ನು ಕಟ್ಟಬೇಕಾಯಿತು. ಎರಡೂ ಅಕ್ಕಪಕ್ಕ ನಿಂತಿವೆ, ಅತ್ತೆ ಸೊಸೆಯ ಹಾಗೆ.

ಚಲನಚಿತ್ರ ನಿರ್ದೇಶಕ ಡೆರೆಕ್ ಜಾರ್ಮನ್ ಕೊನೆಯ ವರ್ಷಗಳಲ್ಲಿದ್ದ ಕಪ್ಪು ಮನೆ ಇಲ್ಲೇ ಇದೆ, ಹಳದಿ ಕಿಟಕಿಗಳದು. 1994ರಲ್ಲಿ ಆತ ತೀರಿಕೊಂಡ. 2020ರಲ್ಲಿ ಜನರಿಂದ 35 ಲಕ್ಷ ಪೌಂಡ್ ಕೂಡಿಸಿ ಮನೆಯನ್ನು ಉಳಿಸಿಕೊಂಡರು. ಮಣ್ಣೇ ಇಲ್ಲದ ಕಲ್ಲಿನಲ್ಲಿ ಆತ ಮಾಡಿದ ತೋಟದಲ್ಲಿ ಗಿಡಗಳಷ್ಟೇ ತುಕ್ಕು ಕಬ್ಬಿಣವೂ ನೆಟ್ಟಿದೆ. ಒಂದು ಸರಪಳಿಯನ್ನು ಸುರುಳಿ ಸುತ್ತಿಟ್ಟಿದ್ದನ್ನು ಬಗ್ಗಿ ನೋಡಿದೆ. ಪದರಪದರವಾಗಿ ಎದ್ದ ತುಕ್ಕು, ಮುಟ್ಟಿದರೆ ಉದುರುವಂತಿತ್ತು. ಮುಟ್ಟಲಿಲ್ಲ. ಗಾಳಿ ಎಷ್ಟಿತ್ತೆಂದರೆ ಮಗಳು ಕಟ್ಟಿಕೊಟ್ಟಿದ್ದ ಚಪಾತಿ ಸುರುಳಿಯನ್ನು ಕಾರಿನೊಳಗೇ ಕುಳಿತು ತಿನ್ನಬೇಕಾಯಿತು. ಆಗ ಹದಿನೈದು ಅಂಗುಲ ಅಗಲದ ಹಳಿಯ ಮೇಲೆ ಉಗಿರೈಲೊಂದು ಬಂತು. 1927ರಿಂದ ಓಡುತ್ತಿರುವ ರೈಲು. ಚಾಲಕ ಎಂಜಿನ್ನಿಗಿಂತ ದೊಡ್ಡವನಾಗಿ ಕಾಣುತ್ತಿದ್ದ, ನನ್ನತ್ತ ಕೈ ಬೀಸಿದ. ಬಾಯಿ ತುಂಬಿದ್ದರಿಂದ ನಾನು ಹೆಡ್‌ಲೈಟ್ ಮಿನುಗಿಸಿದೆ. ಇಂಡಿಕೇಟರಿನ ಕಡ್ಡಿ ಈ ಸಲ ಸರಿಯಾಗಿ ಸಿಕ್ಕಿತ್ತು.

ಟಾರು ರಸ್ತೆ ಬಿಟ್ಟು ಚಕ್ರವನ್ನು ಆ ಕಲ್ಲುಗಳ ಮೇಲೆ ಇಳಿಸಬೇಡಿ, ಹೂತುಹೋಗುತ್ತದೆ. ನನ್ನ ಕಣ್ಣೆದುರೇ ಒಬ್ಬನದು ಹೂತಿತು.

ವಾಪಸಾತಿ ಎರಡು ಗಂಟೆ ಚಿಲ್ಲರೆ. ಬ್ರೈಟನ್ ಹತ್ತಿರ ಪೆಟ್ರೋಲ್ ತುಂಬಿಸಿದೆ: ಹಸಿರು ಹಿಡಿಕೆ ಪೆಟ್ರೋಲಿನದು, ಕಪ್ಪು ಡೀಸೆಲ್ಲಿನದು. ಲೀಟರಿಗೆ 136.9 ಪೆನ್ಸ್. 141 ಮೈಲಿಗೆ 13.4 ಲೀಟರ್, 18 ಪೌಂಡ್ 34 ಪೆನ್ಸ್. ಲೀಟರಿನಲ್ಲಿ ಮಾರಿ, ಮೈಲಿಯಲ್ಲಿ ಅಳೆದು, ಗ್ಯಾಲನ್ನಿಗೆ ಇಷ್ಟು ಮೈಲಿ ಎಂದು ಜಂಬ ಕೊಚ್ಚುವ ಜನ; ಅವರ ಗ್ಯಾಲನ್ ನಾಲ್ಕೂವರೆ ಲೀಟರಿಗೆ ತುಸು ಹೆಚ್ಚು. ಲೆಕ್ಕ ಹಾಕಿದರೆ ಗ್ಯಾಲನ್ನಿಗೆ 47 ದಾಟುತ್ತದೆ, ಆ ಏರುಗಳಿಗೆ ಕೋರ್ಸಾಗೆ ಪೂರ್ಣ ಅಂಕ. ಪಾರ್ಕಿಂಗ್, ಚಿಪ್ಸ್ ಎಲ್ಲ ಸೇರಿ ದಿನದ ಖರ್ಚು 90 ಪೌಂಡಿನೊಳಗೆ ಮುಗಿಯಿತು. ಸೀಟು ಸೊಂಟಕ್ಕೆ ಹಿತವಾಗಿತ್ತು. ಕ್ಲಚ್ ಮಾತ್ರ ತೀರಾ ಮೇಲೆ ಹಿಡಿಯುತ್ತಿತ್ತು. ಸವೆದಿದೆ, ಇನ್ನೊಂದು ವರ್ಷ ಬಾಳಿದರೆ ಹೆಚ್ಚು.

ಅಂಗಳ ಆರಕ್ಕೇ ಮುಚ್ಚಿತ್ತು. ಕೀಲಿಯನ್ನು ಗೋಡೆಯ ಪೆಟ್ಟಿಗೆಗೆ ಹಾಕಬೇಕು. ಕರಾರಿನ ಸಣ್ಣಕ್ಷರದಲ್ಲಿ ಹೇಳಿರುವುದೇನೆಂದರೆ, ಕೀಲಿ ಹಾಕಿದ ಮೇಲೂ ಮರುದಿನ ಅವರು ಬಂದು ನೋಡುವ ತನಕ ಕಾರಿನ ಹೊಣೆ ಬಾಡಿಗೆದಾರನದೇ. ರಾತ್ರಿ ಯಾರಾದರೂ ಗುದ್ದಿ ಹೋದರೆ ನಿಮ್ಮ ಕರ್ಮ. ಈ ಒಂದು ಷರತ್ತಿಗೆ ನಾನು ಕಂಪನಿಯ ಎರಡು ನಕ್ಷತ್ರ ಕಿತ್ತುಕೊಳ್ಳುತ್ತೇನೆ. ಸುತ್ತು ಹಾಕಿ ವಿಡಿಯೊ ಮಾಡಿದೆ. ಆಮೇಲೆ ಕೀಲಿಯ ಲಕೋಟೆಯ ಮೇಲೆ, ಷರಾ ಎಂಬ ಜಾಗದಲ್ಲಿ, ಕೊನೆಗೂ ಬರೆದೆ: ಎಡಗನ್ನಡಿ ಮುಚ್ಚಳ, ನಾಲ್ಕು ಸೆಂ.ಮೀ. ಗೀರು, ಈ ದಿನದ್ದು, ನನ್ನಿಂದಾದದ್ದು. ಕೆಳಗೆ ಅಭ್ಯಾಸಬಲದಿಂದ ದಿನಾಂಕ ಹಾಕಿ ಸಹಿ ಮಾಡಿದೆ.

ಎಂಟು ದಿನದ ನಂತರ ಮಿಂಚಂಚೆ ಬಂತು. ಎಡ ಮುಂಚಕ್ರದ ರಿಮ್ಮಿಗೆ ಹಾನಿ: 140 ಪೌಂಡ್, ಕಾಗದಪತ್ರದ ಶುಲ್ಕ 35. ಹುಡುಗ ‘ಸವೆತ’ ಎಂದಿದ್ದ ಅದೇ ರಿಮ್ಮು, ಅದೇ ತರಚು. ನನ್ನ ಗಡಿಯಾರದ ಪಕ್ಕದ ಎರಡು ಫೋಟೊಗಳನ್ನು ಕಳುಹಿಸಿ, ಗಡಿಯಾರ ಎಂಟಕ್ಕೆ ಐದು ನಿಮಿಷ ತೋರಿಸುತ್ತಿದೆ, ಕರಾರಿಗೆ ಸಹಿಯಾದದ್ದು ಎಂಟೂ ಹತ್ತಕ್ಕೆ ಎಂದು ಎರಡೇ ಸಾಲು ಬರೆದೆ. ಮೂರನೆಯ ದಿನ ಇಡೀ ಮೊತ್ತ ಕೈಬಿಟ್ಟರು, ಕ್ಷಮೆಯನ್ನೂ ಕೇಳಿದರು.

ಕನ್ನಡಿಯ ಬಗ್ಗೆ ಇವತ್ತಿನ ತನಕ ಒಂದು ಮಾತಿಲ್ಲ.